ಕುರಿ ಹಿಂಡಿನ ಹಿಂದೆ ನಡೆದು ತೋಳವನ್ನು ಅರಿತದ್ದು

ತೋಳ ನೋಡಬೇಕು, ಯಾವ ಕಾಡಿಗೆ ಬರಲಿ ಎಂದು ಫೋನ್ ಮಾಡುವವರಿಗೆ ನಾನು ಮೊದಲು ಹೇಳುವುದು, ಕಾಡಿಗೆ ಹೋಗಬೇಡಿ ಎಂದು. ಬಂಡೀಪುರ, ನಾಗರಹೊಳೆಯಲ್ಲಿ ಗುಂಪು ಕಟ್ಟಿಕೊಂಡು ಓಡಾಡುವ ಕೆಂಚು ಪ್ರಾಣಿ ಸೀಳುನಾಯಿ, ಅದರ ಜಾತಿಯೇ ಬೇರೆ. ನಮ್ಮ ತೋಳ ಬಯಲಿನದು. ಕೊಪ್ಪಳ, ರಾಯಚೂರು, ಯಾದಗಿರಿ, ಬಳ್ಳಾರಿ, ಹಾವೇರಿ, ಚಿತ್ರದುರ್ಗ, ತುಮಕೂರಿನ ಒಣ ಸೀಮೆಯ ಕುರುಚಲು ಗುಡ್ಡ, ಹಳ್ಳದ ಕೊರಕಲು, ತೊಗರಿ ಹೊಲ, ಗೋಮಾಳ, ಇವೇ ಅದರ ಮನೆ. ಸರ್ಕಾರಿ ಕಾಗದದಲ್ಲಿ ಇಂಥ ನೆಲಕ್ಕೆ ಬಂಜರು, ಪಾಳು ಎಂಬ ಹೆಸರಿದೆ. ಅಲ್ಲಿ ಏನೂ ಇಲ್ಲ ಎಂದುಕೊಂಡೇ ಜನ ಬಸ್ಸಿನ ಕಿಟಕಿಯಿಂದ ನೋಡಿ ಹೋಗುತ್ತಾರೆ.

ನಾನಿರುವುದು ಗಂಗಾವತಿ ಕಡೆ. ತುಂಗಭದ್ರಾ ಕಾಲುವೆಯ ಈಚೆ ಎತ್ತ ನೋಡಿದರೂ ಭತ್ತ. ಕಾಲುವೆ ನೀರು ಹತ್ತದ ಆಚೆ ಬಂಡೆಗುಡ್ಡ, ಬಂದರಿಕೆ ಗಿಡ, ಕವಳಿ ಪೊದೆ, ಬಾರಿಕಂಟಿ. ಆ ಆಚೆ ಬದಿಯಲ್ಲಿ ತೋಳಗಳ ಓಡಾಟವನ್ನು ಹಲವು ವರ್ಷಗಳಿಂದ ಬರೆದಿಡುತ್ತಾ ಬಂದಿದ್ದೇನೆ. ನಾನು ವಿಜ್ಞಾನಿಯಲ್ಲ. ಸಮೀಕ್ಷೆಗೆ ಬಂದವರಿಗೆ ದಾರಿ ತೋರಿಸಲು ಹೋಗಿ ಒಂದಿಷ್ಟು ಕಲಿತೆ, ಆಮೇಲೆ ನಾನೇ ಕೂತು ನೋಡಿ ಇನ್ನಷ್ಟು ಕಲಿತೆ. ಎಲ್ಲಕ್ಕಿಂತ ಹೆಚ್ಚು ಕಲಿತದ್ದು ಕುರಿ ಕಾಯುವವರಿಂದ. ತೋಳ ನೋಡುವ ಬಗೆಯನ್ನು ಬರೆಯಹೊರಟರೆ ಅವರಿಂದಲೇ ಶುರು ಮಾಡಬೇಕು. ನಮ್ಮ ಸೀಮೆಯಲ್ಲಿ ತೋಳದ ಬದುಕು ನಿಂತಿರುವುದೇ ಅವರ ಹಿಂಡಿನ ಮೇಲೆ.

ಕುರಿಗಾಹಿಯ ಮುಂದೆ ನಿಂತು 'ಇಲ್ಲಿ ತೋಳ ಐತೇನ್ರಿ?' ಎಂದು ಕೇಳಿದರೆ 'ಇಲ್ರಿ' ಎಂಬ ಉತ್ತರ ಬರುತ್ತದೆ. ಕೇಳುವವನು ಯಾರು, ಯಾತಕ್ಕೆ ಕೇಳುತ್ತಿದ್ದಾನೆ, ನಾಳೆ ಮೇವಿಗೆ ಬಿಡುತ್ತಾರೋ ಇಲ್ಲವೋ ಎಂಬ ಲೆಕ್ಕ ಅವನ ತಲೆಯಲ್ಲಿ ಓಡುತ್ತಿರುತ್ತದೆ. ಅದರ ಬದಲು 'ಈ ಸಲ ಮರಿ ಎಷ್ಟು ಉಳದ್ವು ಕಾಕಾ?' ಎಂದು ಕೇಳಿ, ಜೊತೆಯಲ್ಲಿ ಒಂದು ಹರದಾರಿ ನಡೆಯಬೇಕು. ಆಗ ಮಾತು ತಾನಾಗಿ ಬರುತ್ತದೆ. ಯಾವ ಹಳ್ಳ ದಾಟುವಾಗ ಹೋಯಿತು, ಹೊತ್ತು ಯಾವುದು, ಎತ್ತಿಕೊಂಡು ಯಾವ ದಿಕ್ಕಿಗೆ ಓಡಿತು, ಒಂದೇ ಇತ್ತೋ ಜೋಡಿ ಇತ್ತೋ, ಹೊಟ್ಟೆ ಇಳಿಬಿದ್ದಿತ್ತೋ, ಎಲ್ಲವೂ ಅವರಿಗೆ ನೆನಪಿರುತ್ತದೆ. ಮೂರು ಹಟ್ಟಿಯವರು ಬೇರೆ ಬೇರೆ ಕಡೆಯಿಂದ ತೋರಿಸಿದ ದಿಕ್ಕುಗಳನ್ನು ಕಾಗದದ ಮೇಲೆ ಗೀಟೆಳೆದು ನೋಡಿದರೆ ಅವು ಕೂಡುವ ಜಾಗ ಒಂದೇ ಗುಡ್ಡವಾಗಿರುತ್ತದೆ. ಮರಿ ಹಾಕುವ ಕಾಲದಲ್ಲಿ ತೋಳ ಮಾಂಸವನ್ನು ಒಯ್ಯುವುದು ಬಿಲದ ಕಡೆಗೇ. ನಾನು ಮೊದಲು ಗುರುತು ಹಿಡಿದ ತೋಳದ ಸಂಸಾರವನ್ನು ಕಂಡುಕೊಂಡದ್ದು ಹೀಗೆ. ಯಾವ ಕ್ಯಾಮೆರಾದ ಸಹಾಯವೂ ಬೇಕಾಗಲಿಲ್ಲ.

ಆಮೇಲಿನದು ಹೆಜ್ಜೆಯ ಕೆಲಸ. ಬಂಡಿದಾರಿಯ ಹುಡಿಮಣ್ಣು ರಾತ್ರಿಯ ಇಬ್ಬನಿಗೆ ಸ್ವಲ್ಪ ಕೂತಿರುತ್ತದೆ. ಬೈಕು, ಟ್ರ್ಯಾಕ್ಟರ್ ಓಡಾಡುವ ಮೊದಲು, ನಸುಕಿನಲ್ಲಿ ಹೋದರೆ ರಾತ್ರಿಯ ವ್ಯವಹಾರವೆಲ್ಲ ಅಲ್ಲಿ ಬರೆದಿರುತ್ತದೆ. ನಾಯಿ ಹೆಜ್ಜೆಗೂ ತೋಳದ ಹೆಜ್ಜೆಗೂ ಒಂದೇ ಅಚ್ಚು ನೋಡಿ ವ್ಯತ್ಯಾಸ ಹೇಳುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ತೋಳದ ಹೆಜ್ಜೆ ಉದ್ದುದ್ದ, ನಡುವಿನ ಎರಡು ಬೆರಳು ಮುಂದೆ ಚಾಚಿ ಉಗುರು ನೇರಕ್ಕೆ ಊರಿರುತ್ತದೆ, ನಾಯಿಯದು ಹೆಚ್ಚು ದುಂಡಗೆ ಎಂಬುದು ನಿಜ. ಆದರೆ ದೊಡ್ಡ ಹಟ್ಟಿನಾಯಿಯ ಹೆಜ್ಜೆ ಯಾರನ್ನಾದರೂ ಯಾಮಾರಿಸುತ್ತದೆ. ನೋಡಬೇಕಾದದ್ದು ಸಾಲನ್ನು. ನಾಯಿ ಮೂಸುತ್ತಾ, ಅಡ್ಡಾಡುತ್ತಾ, ನಿಂತು ತಿರುಗಿ ಹೋಗುತ್ತದೆ. ತೋಳ ದಾರಿ ಹಿಡಿದರೆ ನೂಲು ಹಿಡಿದು ಗೀಟು ಹಾಕಿದಂತೆ ಹೋಗುತ್ತದೆ, ಮುಂಗಾಲು ಎತ್ತಿದ ಜಾಗಕ್ಕೇ ಹಿಂಗಾಲು ಬೀಳುತ್ತದೆ. ಎರಡು ತೋಳ ಒಂದರ ಹಿಂದೆ ಒಂದು ಹೋದರೂ ಒಂದೇ ಹೋಗಿದೆ ಅನಿಸುವಷ್ಟು ಹೆಜ್ಜೆಯ ಮೇಲೆ ಹೆಜ್ಜೆ. ದಾರಿ ಕವಲೊಡೆಯುವಲ್ಲಿ ಸಾಲು ಬಿಚ್ಚಿಕೊಳ್ಳುತ್ತದೆ, ಎಷ್ಟಿದ್ದವು ಎಂದು ಗೊತ್ತಾಗುವುದು ಅಲ್ಲಿ.

ಆ ಕವಲಿನಲ್ಲೇ ಹಿಕ್ಕೆಯನ್ನೂ ಹಾಕಿರುತ್ತವೆ. ಬಹಳ ಸಲ ಸ್ವಲ್ಪ ಎತ್ತರದ ಜಾಗ, ಕಲ್ಲಿನ ಮೇಲೆ, ಹುಲ್ಲಿನ ಕಂಟಿಯ ಮೇಲೆ. ನಮ್ಮ ಗಡಿ ಇದು ಎಂದು ಬೇರೆ ಗುಂಪಿನವರಿಗೆ ತಿಳಿಸುವ ಕ್ರಮ ಅದು. ಜೋಡಿಯಲ್ಲಿರುವ ಗಂಡು ಹೆಣ್ಣು ಎರಡೂ ಕಾಲೆತ್ತಿ ಉಚ್ಚೆ ಹೊಯ್ದು ಗುರುತು ಹಾಕುತ್ತವೆ. ಒಣಗಿದ ಹಿಕ್ಕೆ ಬೂದುಬಿಳಿ, ತುಂಬ ಕೂದಲು ಮತ್ತು ಎಲುಬಿನ ಚೂರು. ಕರಿಕೂದಲು ಕಂಡರೆ ಆಡು ಅಥವಾ ಕುರಿ, ಸಣ್ಣ ಹಲ್ಲು ಸಿಕ್ಕರೆ ಇಲಿ ಎಂದು ಅಂದಾಜು ಮಾಡಬಹುದು. ಖಚಿತವಾಗಿ ಹೇಳಬೇಕಾದರೆ ಕೂದಲನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಬೇಕು. ಬರಿಗೈಯಲ್ಲಿ ಮುಟ್ಟಬೇಡಿ, ಮೂಗಿನ ಹತ್ತಿರ ಒಯ್ಯಬೇಡಿ. ನಾಯಿ ಜಾತಿಯ ಪ್ರಾಣಿಗಳ ಹಿಕ್ಕೆಯಲ್ಲಿ ಲಾಡಿಹುಳುವಿನ ಮೊಟ್ಟೆ ಇರಬಹುದು. ಅದು ಮನುಷ್ಯನ ಹೊಟ್ಟೆ ಸೇರಿದರೆ ಪಿತ್ತಜನಕಾಂಗದಲ್ಲಿ, ಶ್ವಾಸಕೋಶದಲ್ಲಿ ನೀರ್ಗುಳ್ಳೆ ಬೆಳೆಯುತ್ತದೆ. ತೋಳ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿರುವ ಪ್ರಾಣಿ. ಮಾದರಿ ಸಂಗ್ರಹಿಸುವುದಿದ್ದರೆ ಇಲಾಖೆಯ ಅನುಮತಿ ಬೇಕು. ನಾನು ಪಕ್ಕದಲ್ಲಿ ಪೆನ್ನು ಇಟ್ಟು ಫೋಟೋ ತೆಗೆದು, ಜಾಗ ಬರೆದುಕೊಂಡು ಮುಂದೆ ಹೋಗುತ್ತೇನೆ.

ಕೂತು ನೋಡುವುದಕ್ಕೆ ನನ್ನ ನಿಯಮ ಸರಳ. ಗುಡ್ಡಕ್ಕೆ ಎದುರಿನ ಗುಡ್ಡ, ನಡುವೆ ಅರ್ಧ ಕಿಲೋಮೀಟರಾದರೂ ಅಂತರ, ಗಾಳಿ ನನ್ನ ಮುಖಕ್ಕೆ, ಹೊತ್ತು ನನ್ನ ಬೆನ್ನಿಗೆ. ಬೆಳಕು ಹರಿಯುವ ಮೊದಲೇ ಹೋಗಿ ಕೂರುವುದು, ಅವು ಮಲಗಿದ ಮೇಲೆ ಎದ್ದು ಬರುವುದು. ಬೇಸಗೆಯಲ್ಲಿ ಎಂಟೂವರೆ ಒಂಬತ್ತರ ನಂತರ ಅವು ಬಂಡೆಯ ಸಂದಿಗೋ ಜಾಲಿಯ ನೆರಳಿಗೋ ಸೇರಿಬಿಡುತ್ತವೆ, ಮತ್ತೆ ಏಳುವುದು ಸಂಜೆಗೆ. ಹತ್ತು ಪಟ್ಟು ಹಿಗ್ಗಿಸುವ ಬೈನಾಕ್ಯುಲರ್ ಸಾಕು, ಮೂರುಕಾಲಿನ ಮೇಲೆ ನಿಲ್ಲಿಸುವ ದೂರದರ್ಶಕವಿದ್ದರೆ ಇನ್ನೂ ಒಳ್ಳೆಯದು. ಡ್ರೋನ್ ಬೇಡ. ಮೊಬೈಲಿನಲ್ಲಿ ಊಳಿನ ಸದ್ದು ಹಾಕಿ ಅವುಗಳನ್ನು ಕೂಗಿಸುವುದು ಕೂಡದು. ಆ ಸದ್ದು ಅವಕ್ಕೆ ಬೇರೆ ಗುಂಪು ಗಡಿಯೊಳಗೆ ಬಂತು ಎಂಬ ಸುದ್ದಿ. ಮರಿ ಇರುವ ತಾಯಿ ಆ ರಾತ್ರಿಯೇ ಬಿಲ ಬದಲಾಯಿಸಬಹುದು.

ತೋಳ ಕಣ್ಣಿಗೆ ಬಿದ್ದಾಗ ಹೊಸಬರಿಗೆ ನಿರಾಸೆಯಾಗುವುದನ್ನು ನೋಡಿದ್ದೇನೆ. ಸಿನಿಮಾದಲ್ಲಿ ಹಿಮದ ಮೇಲೆ ಓಡುವ ಉಣ್ಣೆಮೈಯ ದೊಡ್ಡ ತೋಳ ಅವರ ತಲೆಯಲ್ಲಿರುತ್ತದೆ. ನಮ್ಮದು ಇಪ್ಪತ್ತು ಕಿಲೋ ಆಸುಪಾಸಿನ, ಉದ್ದ ಕಾಲಿನ, ಬಡಕಲು ಮೈಯ ಪ್ರಾಣಿ. ಬಿಸಿಲಿಗೆ ತಕ್ಕಂತೆ ಕೂದಲು ತೆಳು, ಒಳಗಿನ ಮೆತ್ತನೆ ತುಪ್ಪಟ ಇಲ್ಲವೆನ್ನುವಷ್ಟು ಕಡಿಮೆ. ಒಣಹುಲ್ಲಿನ ಬಣ್ಣ, ಬೆನ್ನ ಮೇಲೆ ಕರಿ ಮಿಶ್ರ. ಸೈಕ್ಸ್ ಎಂಬ ಅಧಿಕಾರಿ ದಖನ್ ಸೀಮೆಯ ತೋಳವನ್ನು ನೋಡಿ 1831ರಲ್ಲಿ ಅದಕ್ಕೆ ಪ್ಯಾಲಿಪೆಸ್ ಎಂಬ ವೈಜ್ಞಾನಿಕ ಹೆಸರು ಕೊಟ್ಟ. ಈಚಿನ ವಂಶವಾಹಿ ಅಧ್ಯಯನಗಳ ಪ್ರಕಾರ ಇಂದು ಉಳಿದಿರುವ ತೋಳಗಳಲ್ಲೇ ಅತಿ ಹಳೆಯ ಕವಲುಗಳಲ್ಲಿ ಇದೂ ಒಂದು. ದೇಶದಲ್ಲಿ ಉಳಿದಿರುವುದು ಮೂರು ಸಾವಿರದ ಆಸುಪಾಸು ಎಂಬುದು 2022ರಲ್ಲಿ ಬಂದ ಅಂದಾಜು. ಹುಲಿಗಿಂತ ಕಡಿಮೆ. ಹುಲಿಗೆ ಸಿಗುವ ಗಮನದ ನೂರರಲ್ಲೊಂದು ಪಾಲೂ ಇದಕ್ಕೆ ಸಿಗುವುದಿಲ್ಲ ಎಂಬುದು ನನಗೆ ದಿನವೂ ಸಂಕಟ ಕೊಡುವ ವಿಷಯ.

ಒಂದು ಗುಂಪನ್ನು ಹಿಡಿದು ನೋಡಲು ಹೊರಟರೆ ಮೊದಲು ಒಂದೊಂದನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು. ಎಡಗಿವಿ ಹರಿದದ್ದು, ಬಾಲದ ತುದಿ ಮೊಂಡಾದದ್ದು, ಬೆನ್ನಿನ ಕರಿಪಟ್ಟೆ ಅಗಲವಾದದ್ದು, ಹೀಗೆ ಪುಸ್ತಕದಲ್ಲಿ ಚಿತ್ರ ಬರೆದು ಗುರುತು ಹಾಕುತ್ತೇನೆ. ಹಾಗೆ ಗುರುತಿಟ್ಟು ವರ್ಷಗಟ್ಟಲೆ ನೋಡಿದ ಮೇಲೆ ನನಗೆ ಖಾತ್ರಿಯಾದದ್ದು, ಗುಂಪು ಎಂದರೆ ಒಂದು ಸಂಸಾರ ಎಂಬುದು. ಅಪ್ಪ, ಅವ್ವ, ಈ ವರ್ಷದ ಮರಿಗಳು, ಮನೆ ಬಿಡದ ಹೋದ ವರ್ಷದ ಒಂದೆರಡು ಮಕ್ಕಳು. ನಾಯಕ ತೋಳ ಎಲ್ಲರನ್ನೂ ಹೊಡೆದು ಬಡಿದು ಆಳುತ್ತದೆ, ಅದೇ ಆಲ್ಫಾ ಎಂಬ ಮಾತು ಈಗ ವ್ಯಾಪಾರದ ಭಾಷಣಗಳಲ್ಲೂ ಬರುತ್ತದೆ. ಆ ಕಲ್ಪನೆಗೆ ಆಧಾರವಾದದ್ದು 1947ರಲ್ಲಿ ಶೆಂಕೆಲ್ ಎಂಬುವರು ಪ್ರಕಟಿಸಿದ, ಮೃಗಾಲಯದ ಆವರಣದಲ್ಲಿ ಒಟ್ಟಿಗೆ ಕೂಡಿಹಾಕಿದ್ದ ತೋಳಗಳ ಅಧ್ಯಯನ. ಓಡಿಹೋಗಲು ಜಾಗವಿಲ್ಲದೆ ಅವು ಕಚ್ಚಾಡಿದವು. ಆ ಪದವನ್ನು ಹಿಂದೆ ತಾನೇ ಬಳಸಿ ಜನಪ್ರಿಯವಾಗಲು ಕಾರಣರಾದ ಅಮೆರಿಕದ ತೋಳ ವಿಜ್ಞಾನಿ ಡೇವಿಡ್ ಮೀಚ್ ಅವರು, ಕಾಡಿನಲ್ಲಿ ಸ್ವತಂತ್ರವಾಗಿ ಬದುಕುವ ತೋಳಗಳನ್ನು ಬೇಸಗೆಯಿಂದ ಬೇಸಗೆಗೆ ನೋಡಿ, ಇದು ತಂದೆತಾಯಿ ಮಕ್ಕಳ ಗುಂಪು, ಆಲ್ಫಾ ಎನ್ನುವುದು ಸರಿಯಲ್ಲ ಎಂದು 1999ರಲ್ಲಿ ಬರೆದರು. ಕೆನಡಾದ ತೋಳ ನೋಡಿ ಅವರು ಹೇಳಿದ್ದು ನಮ್ಮ ಬಂಡೆಗುಡ್ಡಕ್ಕೂ ಒಪ್ಪುತ್ತದೆ. ವ್ಯತ್ಯಾಸವೆಂದರೆ ನಮ್ಮಲ್ಲಿ ಸಂಸಾರ ಚಿಕ್ಕದು. ದೊಡ್ಡ ಬೇಟೆ ಇಲ್ಲದ ಕಡೆ ದೊಡ್ಡ ಗುಂಪಿಗೆ ಊಟ ಸಾಲದು. ಬಹಳ ಸಲ ಕಾಣುವುದು ಜೋಡಿ, ಇಲ್ಲವೇ ಮೂರು ನಾಲ್ಕು.

ಹೆಣ್ಣು ವರ್ಷಕ್ಕೆ ಒಂದೇ ಸಲ ಬೆದೆಗೆ ಬರುತ್ತದೆ, ನಾಯಿಯ ಹಾಗೆ ಎರಡು ಸಲ ಅಲ್ಲ. ಬಸಿರು ಎರಡು ತಿಂಗಳು, ಹೆಚ್ಚೆಂದರೆ ಎರಡು ಮೂರು ದಿನ ಆಚೀಚೆ. ನಾನು ಇದನ್ನು ಪುಸ್ತಕದಲ್ಲಿ ಓದಿ ಹೇಳಿದಾಗ ಒಬ್ಬ ಹಿರಿಯ ಕುರಿಗಾಹಿ ಕಾಕಾ, 'ದೀಪಾವಳಿ ಅಮಾಸಿಗೆ ಕೂಡಿದ್ರ ಎಳ್ಳಮಾಸಿಗೆ ಮರಿ, ನಮ್ಮಪ್ಪನೂ ಹಂಗ ಅಂತಿದ್ದ' ಎಂದ. ಎರಡು ಅಮಾವಾಸ್ಯೆಗಳ ನಡುವಿನ ಅಂತರ ಲೆಕ್ಕ ಹಾಕಿದರೆ ಐವತ್ತೊಂಬತ್ತು ದಿನ. ಹೊಲಕ್ಕೆ ಚರಗ ಚೆಲ್ಲುವ ಹೊತ್ತಿಗೆ, ಅಂದರೆ ಡಿಸೆಂಬರ್ ಕೊನೆಯಿಂದ ಜನವರಿ ಒಳಗೆ, ನಮ್ಮ ಕಡೆ ಬಿಲಗಳಲ್ಲಿ ಮರಿ ಇರುತ್ತವೆ. ಒಂದು ಸೂಲಿಗೆ ನಾಲ್ಕೈದು ಸಾಮಾನ್ಯ. ಹುಟ್ಟಿದಾಗ ಕುರುಡು ಕಿವುಡು. ಹತ್ತು ಹದಿನಾಲ್ಕು ದಿನಕ್ಕೆ ಕಣ್ಣು ತೆರೆದಾಗ ನೀಲಿ, ಆಮೇಲೆ ನಿಧಾನಕ್ಕೆ ಹಳದಿಗೆ ತಿರುಗುತ್ತದೆ. ಮೂರು ವಾರಕ್ಕೆ ಬಿಲದ ಬಾಯಿಗೆ ಬಂದು ಕೂರುತ್ತವೆ. ಬಿಲ ಎಂದರೆ ಬಂಡೆಯ ಸಂದಿ, ಹಳ್ಳದ ದಂಡೆಯಲ್ಲಿ ತೋಡಿದ ಗೂಡು, ಅಥವಾ ಮುಳ್ಳುಹಂದಿಯೋ ನರಿಯೋ ಬಿಟ್ಟುಹೋದ ಬಿಲವನ್ನು ಅಗಲಿಸಿಕೊಂಡದ್ದು.

ಒಂದು ಸಂಜೆಯನ್ನು ಬಿಡಿಸಿ ಹೇಳುತ್ತೇನೆ. ಸಂಕ್ರಾಂತಿ ಕಳೆದು ಕೆಲವು ವಾರಗಳಾಗಿದ್ದವು. ಎದುರು ಗುಡ್ಡದ ಬಂಡೆಯ ಮೇಲೆ ಅವ್ವ ಮಲಗಿದ್ದಳು, ಮುಂಗಾಲ ಮೇಲೆ ತಲೆ, ಕಿವಿ ಮಾತ್ರ ತಿರುಗುತ್ತಿದ್ದವು. ಕೆಳಗೆ ನಾಲ್ಕು ಮರಿ. ಹೋದ ವರ್ಷದ ಗಂಡು ಮಗ ಅಡ್ಡಬಿದ್ದುಕೊಂಡಿದ್ದ. ಒಂದು ಮರಿ ಅವನ ಬಾಲ ಜಗ್ಗುತ್ತಿತ್ತು, ಇನ್ನೊಂದು ಕಿವಿ ಕಚ್ಚುತ್ತಿತ್ತು. ಅವನು ಏಳಲಿಲ್ಲ, ಗದರಲಿಲ್ಲ. ಹೊತ್ತು ಮುಳುಗಲು ಇನ್ನೂ ಒಂದು ಮಾರು ಇದೆ ಎನ್ನುವಾಗ ತೊಗರಿ ಕೊಯ್ದ ಹೊಲದ ಬದುವಿನಲ್ಲಿ ಅಪ್ಪ ಕಾಣಿಸಿದ. ನೇರ ಬರಲಿಲ್ಲ. ಹಳ್ಳದ ದಂಡೆಯಲ್ಲಿ ನಿಂತು, ತಾನು ಬಂದ ದಾರಿಯನ್ನೇ ಬಹಳ ಹೊತ್ತು ನೋಡಿದ. ಯಾರೂ ಹಿಂದೆ ಬಂದಿಲ್ಲ ಎಂದು ಖಾತ್ರಿಯಾದ ಮೇಲೆ ಸುತ್ತು ಹಾಕಿ ಗುಡ್ಡ ಹತ್ತಿದ. ಬಾಯಲ್ಲಿ ಏನೂ ಇರಲಿಲ್ಲ. ಮರಿಗಳು ಒಟ್ಟಿಗೆ ಎರಗಿ ಅವನ ತುಟಿಯ ಅಂಚು ನೆಕ್ಕತೊಡಗಿದವು. ಅವನು ನಾಲ್ಕು ಹೆಜ್ಜೆ ಹಿಂದೆ ಸರಿದು, ಬೆನ್ನು ಗೂನು ಮಾಡಿ, ಹೊಟ್ಟೆ ಒತ್ತರಿಸಿ, ಮಾಂಸದ ಮುದ್ದೆಯನ್ನು ನೆಲಕ್ಕೆ ಕಕ್ಕಿದ. ಇನ್ನೂ ಹಸಿ ಹಸಿ. ಮರಿಗಳ ತಲೆಗಳು ಅದರೊಳಗೆ ಹೂತುಹೋದವು. ಮಗ ಮೈ ತಗ್ಗಿಸಿ, ಬಾಲ ಒಳಗೆ ಹಾಕಿಕೊಂಡು ಬಂದು ಅಪ್ಪನ ಮೂತಿ ನೆಕ್ಕಿದ, ಅಪ್ಪ ಮುಖ ತಿರುಗಿಸಿದ. ಮಗ ಹೋಗಿ ಮತ್ತೆ ಮರಿಗಳ ಪಕ್ಕ ಕೂತ. ಆಗ ಅವ್ವ ಇಳಿದು, ಮೈ ಜಾಡಿಸಿ, ಕೃಷಿಹೊಂಡದ ಕಡೆ ನೀರಿಗೆ ಹೊರಟಳು.

ನನಗೆ ಆ ಸಂಜೆ ಸ್ಪಷ್ಟವಾದ ವಿಷಯ, ಹೊಟ್ಟೆಯೇ ಅವುಗಳ ಬುತ್ತಿ ಎಂಬುದು. ಬಯಲಿನಲ್ಲಿ ಮಾಂಸ ಕಚ್ಚಿಕೊಂಡು ಹತ್ತಾರು ಕಿಲೋಮೀಟರ್ ಬರುವಂತಿಲ್ಲ, ನಾಯಿ ಅಟ್ಟುತ್ತವೆ, ಜನ ನೋಡುತ್ತಾರೆ. ಒಂದೇ ಸಲಕ್ಕೆ ಹಲವು ಕಿಲೋ ನುಂಗಿ, ಗೊತ್ತಾಗದಂತೆ ಬಂದು, ಮರಿ ಬೇಡಿದಾಗ ಕೊಡುವುದು. ಮರಿ ಮೂತಿ ನೆಕ್ಕುವುದೇ ಬೇಡುವ ರೀತಿ. ಸಾಕುನಾಯಿ ನಮ್ಮ ಮುಖ ನೆಕ್ಕಲು ಹಾರುವುದರ ಮೂಲ ಇಲ್ಲಿದೆ. ಇನ್ನೊಂದು, ಬೀದಿನಾಯಿಯಲ್ಲಿ ಮರಿಗಳನ್ನು ಗಂಡು ಸಾಕುವುದು ಅಪರೂಪ. ತೋಳದಲ್ಲಿ ಅಪ್ಪ ಇಲ್ಲದಿದ್ದರೆ ಆ ಸೂಲು ಉಳಿಯುವುದೇ ಕಷ್ಟ. ಮರಿ ಕಾಲದಲ್ಲಿ ಒಂದು ಗಂಡನ್ನು ವಿಷವಿಟ್ಟು ಕೊಂದರೆ ಹೋಗುವುದು ಒಂದೇ ಜೀವವಲ್ಲ.

ಹಾಗಾದರೆ ಅಷ್ಟು ಮಾಂಸ ಎಲ್ಲಿಂದ? ಗುಜರಾತಿನ ವೇಳಾವದರದಲ್ಲಿ ಕೃಷ್ಣಮೃಗ ದಂಡಿಯಾಗಿವೆ, ಅಲ್ಲಿಯ ತೋಳ ಅವುಗಳನ್ನೇ ಹೆಚ್ಚು ಹಿಡಿಯುತ್ತದೆ. ನಮ್ಮ ಗುಡ್ಡದ ಕಡೆ ಚಿಗರಿ ಕಡಿಮೆ. ಮೊಲ, ಇಲಿ, ಸತ್ತ ದನ, ಕೋಳಿ ಫಾರಂನವರು ಎಸೆದ ಸತ್ತ ಕೋಳಿ, ಮತ್ತು ಎಲ್ಲಕ್ಕಿಂತ ಹೆಚ್ಚು ಕುರಿ, ಆಡು. ಇದನ್ನು ಮುಚ್ಚಿಟ್ಟು ತೋಳವನ್ನು ಹೊಗಳಿದರೆ ಕುರಿಗಾಹಿಗೆ ಮಾಡುವ ಅನ್ಯಾಯ.

ಹಿಂಡಿನಿಂದ ಮರಿ ಎತ್ತುವುದನ್ನು ನಾನು ಕಾಕಾನ ಜೊತೆ ನಡೆಯುವಾಗ ಹತ್ತಿರದಿಂದ ನೋಡಿದ್ದೇನೆ. ಹಗಲು ಹನ್ನೊಂದರ ಹೊತ್ತು, ಹಿಂಡು ಹಳ್ಳ ಇಳಿಯುತ್ತಿತ್ತು. ಇಳಿಜಾರಿನಲ್ಲಿ ಹಿಂಡು ಯಾವಾಗಲೂ ಎರಡಾಗುತ್ತದೆ, ಮುಂದಿನವು ಆಚೆ ದಂಡೆ ಹತ್ತುತ್ತವೆ, ಹಿಂದಿನವು ಇನ್ನೂ ಈಚೆ. ಆಗ ಮುಂದೆ, ಬಾರಿಕಂಟಿಯ ಪಕ್ಕ, ಒಂದು ತೋಳ ಎದ್ದು ನಿಂತಿತು. ಅಡಗಲಿಲ್ಲ, ಕಾಣಲೆಂದೇ ನಿಂತಿತು. ನಾಯಿಗಳು ಬೊಗಳಿಕೊಂಡು ಅತ್ತ ನುಗ್ಗಿದವು, ಕಾಕಾನ ಮಗನೂ ಕೋಲು ಎತ್ತಿ ಓಡಿದ. ಅಷ್ಟರಲ್ಲಿ ಹಿಂದೆ, ಬದುವಿನ ಮರೆಯಿಂದ, ಇನ್ನೊಂದು ಬಂದು ಕುಂಟುತ್ತಾ ಹಿಂದುಳಿದಿದ್ದ ಮರಿಯ ಕುತ್ತಿಗೆಗೆ ಬಾಯಿ ಹಾಕಿ ಎತ್ತಿಕೊಂಡು ಹಳ್ಳದುದ್ದಕ್ಕೂ ಹೋಯಿತು. ಮರಿ ಅರಚಲೂ ಇಲ್ಲ. ಕಾಕಾ 'ಹೊಯ್, ಹೊಯ್' ಎಂದು ಕೂಗಿ ಕೋಲು ಬೀಸಿದ, ತಿರುಗಿ ಮೊದಲು ಮಾಡಿದ್ದು ಉಳಿದ ಮರಿಗಳನ್ನು ನಡುವಿಗೆ ಹಾಕುವ ಕೆಲಸ. ಆಮೇಲೆ ಕೂತು ಬೀಡಿ ಹಚ್ಚಿ, 'ಅದರ ಪಾಲು ಅದಕ್ಕ ಹೋತು. ಅದಕ್ಕೂ ಮರಿ ಅದಾವ' ಎಂದ. ಮಗ ಒಪ್ಪಲಿಲ್ಲ. 'ನಿಂದೇನು, ಹೇಳ್ತಿ. ಮರಿ ಮ್ಯಾಲ ಸಾಲ ತಂದೋನು ನಾ' ಎಂದ.

ಇಬ್ಬರ ಮಾತೂ ನಿಜ. ತಂದೆಯ ಕಾಲದಲ್ಲಿ ಕುರಿ ಮನೆಯ ಆಸ್ತಿ, ಕಂಬಳಿಗೆ ಉಣ್ಣೆ, ಗೊಬ್ಬರಕ್ಕೆಂದು ಹೊಲದಲ್ಲಿ ತರುಬಿದರೆ ಕಾಳು. ಈಗ ಮರಿಯೆಂದರೆ ಸಂತೆಯ ರೊಕ್ಕ, ಸಂಘದ ಕಂತು. ಮಗನ ಪೀಳಿಗೆಯ ತಾಳ್ಮೆ ಉಳಿಯದಿದ್ದರೆ ತೋಳ ಉಳಿಯುವುದಿಲ್ಲ. ಕಾಡುಪ್ರಾಣಿ ಕೊಂದ ಜಾನುವಾರಿಗೆ ಸರ್ಕಾರದ ಪರಿಹಾರವಿದೆ, ಆದರೆ ತೋಳ ಮರಿಯನ್ನು ಪೂರ್ತಿ ಎತ್ತಿಕೊಂಡು ಹೋದರೆ ಪಂಚನಾಮೆಗೆ ತೋರಿಸಲು ಹೆಣವೇ ಇರುವುದಿಲ್ಲ. ದಿನಕ್ಕೊಂದು ಊರು ದಾಟುವ ಹಿಂಡು ತಪಾಸಣೆಗೆ ಕಾದು ನಿಲ್ಲುವಂತೆಯೂ ಇಲ್ಲ. ಹಾಗಾಗಿ ನಾನು ಹುಡುಗರಿಗೆ ಹೇಳಿಕೊಟ್ಟಿರುವುದು, ಆ ಕ್ಷಣವೇ ರಕ್ತದ ಗುರುತು, ಹೆಜ್ಜೆ, ತಾಯಿಕುರಿ, ಜಾಗ ಎಲ್ಲ ಕಾಣುವಂತೆ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿ ಎಂದು. ರಾತ್ರಿ ಹಟ್ಟಿಗೆ ಬಲೆ ಕಟ್ಟುವುದು, ಎಳೆಮರಿಗಳನ್ನು ಒಳಸುತ್ತಿನಲ್ಲಿ ಬೇರೆ ಕೂಡುವುದು, ಕುಂಟು ಕುರಿಯನ್ನು ಹಿಂದೆ ಬಿಡದೆ ಇರುವುದು, ಹಳ್ಳ ದಾಟುವಾಗ ಒಬ್ಬ ಹಿಂದೆಯೇ ನಿಲ್ಲುವುದು, ಇವಿಷ್ಟು ಪಾಲಿಸಿದ ಹಟ್ಟಿಗಳಲ್ಲಿ ನಷ್ಟ ಕಡಿಮೆಯಾದದ್ದನ್ನು ಕಂಡಿದ್ದೇನೆ.

ನಾಯಿಯ ವಿಚಾರ ಇನ್ನೂ ದೊಡ್ಡದು, ಮತ್ತು ನನ್ನ ಮಟ್ಟಿಗೆ ಇಂದು ತೋಳಕ್ಕೆ ಇರುವ ಅತಿ ದೊಡ್ಡ ಅಪಾಯ ಅದೇ. ಊರ ಹೊರಗೆ ಕಸ ಎಸೆಯುವ ಜಾಗಗಳು ಹೆಚ್ಚಿದಂತೆ ಬೀದಿನಾಯಿ ಹಿಂಡು ಗುಡ್ಡದವರೆಗೂ ಬರುತ್ತಿದೆ. ಬೇಟೆ ಕಸಿಯುತ್ತವೆ, ಮರಿ ಕೊಲ್ಲುತ್ತವೆ, ರೇಬೀಸ್ ಮತ್ತು ಡಿಸ್ಟೆಂಪರ್ ಎಂಬ ನಾಯಿರೋಗ ಹರಡುತ್ತವೆ. ತೋಳಕ್ಕೂ ನಾಯಿಗೂ ಕೂಡಿ ಮರಿಯಾಗುತ್ತದೆ, ಆ ಮರಿಯೂ ಬಂಜೆಯಲ್ಲ. ಪುಣೆಯ ಹತ್ತಿರ ವಿಚಿತ್ರ ಬಣ್ಣದ ಪ್ರಾಣಿಯೊಂದರ ಕೂದಲನ್ನು ಪರೀಕ್ಷಿಸಿ ಅದು ಮಿಶ್ರ ಎಂದು ವಂಶವಾಹಿ ಮೂಲಕವೇ ದೃಢಪಡಿಸಿದ್ದಾರೆ. ಜೊತೆ ಸಿಗದ ಒಂಟಿ ತೋಳ ನಾಯಿಯ ಜೊತೆ ಕೂಡುವ ಸಂಭವ ಹೆಚ್ಚು. ಗಂಡನ್ನೋ ಹೆಣ್ಣನ್ನೋ ಕೊಂದು ಜೋಡಿ ಒಡೆದಲ್ಲೆಲ್ಲ ಈ ಬಾಗಿಲು ತೆರೆಯುತ್ತದೆ. ದೀಪಾವಳಿಗೆ ಮುಂಚೆ, ಅಂದರೆ ಬೆದೆ ಕಾಲಕ್ಕೆ ಮೊದಲು, ಪಶುವೈದ್ಯರನ್ನು ಕರೆದುಕೊಂಡು ಹಟ್ಟಿ ಹಟ್ಟಿಗೆ ಹೋಗಿ ನಾಯಿಗಳಿಗೆ ಲಸಿಕೆ ಹಾಕಿಸುವುದು ಈಗ ನನ್ನ ವರ್ಷದ ಮುಖ್ಯ ಕೆಲಸ. ಕುರಿಗಾಹಿಗಳು ಇದಕ್ಕೆ ಖುಷಿಯಿಂದ ಬರುತ್ತಾರೆ, ಅವರಿಗೂ ನಾಯಿ ಬೇಕು.

ಮನುಷ್ಯರಿಗೆ ಅಪಾಯವಿಲ್ಲವೇ ಎಂದು ಕೇಳುತ್ತಾರೆ. ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ 2024ರಲ್ಲಿ ಮಕ್ಕಳು ಸತ್ತರು, ಅದನ್ನು ಹಗುರವಾಗಿ ಹೇಳಬಾರದು. ನಾನು ಓಡಾಡುವ ಸೀಮೆಯಲ್ಲಿ ಅಂಥದ್ದು ನನ್ನ ಕಿವಿಗೆ ಬಿದ್ದಿಲ್ಲ. ಇಲ್ಲಿ ಹೆದರಬೇಕಾದದ್ದು ಹುಚ್ಚು ಹಿಡಿದ ತೋಳಕ್ಕೆ. ಹಾಡುಹಗಲು ಊರೊಳಗೆ ನುಗ್ಗಿ, ಸಿಕ್ಕಸಿಕ್ಕವರನ್ನು ಕಚ್ಚಿ, ಬೇಟೆ ತಿನ್ನದೆ ಮುಂದೆ ಹೋದರೆ ಅದು ರೇಬೀಸ್ ಎಂದೇ ತಿಳಿಯಬೇಕು. ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ತೋಳ ಮುಖಕ್ಕೆ, ತಲೆಗೆ ಕಚ್ಚುವುದು ಹೆಚ್ಚು, ಹಾಗಾಗಿ ಲಸಿಕೆಯ ಜೊತೆ ಸೀರಮ್, ಅಂದರೆ ಸಿದ್ಧ ಪ್ರತಿಕಾಯಗಳಿರುವ ಚುಚ್ಚುಮದ್ದು ಕೂಡ ಬೇಕಾಗುತ್ತದೆ.

ಜಾಗದ ಪ್ರಶ್ನೆಗೆ ಬರುತ್ತೇನೆ. ನಮ್ಮ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರಿನ ತೋಳಧಾಮ ಆಗಿದೆ. ಜಾರ್ಖಂಡ್‌ನ ಮಹುಆಡಾಂಡ್ ಬಿಟ್ಟರೆ ತೋಳಕ್ಕೆಂದೇ ಮೀಸಲಾದ ಧಾಮ ದೇಶದಲ್ಲಿ ಇದೇ. ಮೇಲುಕೋಟೆಯ ಧಾಮವನ್ನು 1974ರಲ್ಲಿ ಮಾಡಿದಾಗಲೂ ಮನಸ್ಸಿನಲ್ಲಿದ್ದದ್ದು ತೋಳವೇ. ಬಂಕಾಪುರದ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ 332 ಹೆಕ್ಟೇರ್ ಎಂದರೆ ಮೂರು ಚದರ ಕಿಲೋಮೀಟರಿಗೆ ಸ್ವಲ್ಪ ಮೇಲೆ. ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ನೋಡಿದ ಅಧ್ಯಯನಗಳಲ್ಲಿ ಒಂದು ಗುಂಪು ಓಡಾಡುವ ಪ್ರದೇಶ ನೂರೈವತ್ತು, ಇನ್ನೂರು ಚದರ ಕಿಲೋಮೀಟರ್ ಬಂದಿದೆ. ಧಾಮ ಬಿಲಕ್ಕೆ ಆಸರೆಯಾಗಬಹುದು, ಊಟಕ್ಕೆ ಅವು ಹೊರಗೆ ಬರಲೇಬೇಕು. ಹೊರಗಿನ ನೆಲವನ್ನು ಪಾಳು ಎಂದು ಕರೆದು ಒಂದೊಂದಾಗಿ ಗ್ರಾನೈಟ್ ಕ್ವಾರಿಗೆ, ಸೋಲಾರಿಗೆ, ಗಿಡ ನೆಡುವ ಯೋಜನೆಗೆ ಕೊಟ್ಟರೆ ಧಾಮದ ಫಲಕ ಉಳಿಯುತ್ತದೆ ಅಷ್ಟೆ. ಪಾವಗಡದ ಸೋಲಾರ್ ಪಾರ್ಕ್ ಒಂದೇ 13,000 ಎಕರೆ. ವಿದ್ಯುತ್ ಬೇಡ ಎನ್ನುತ್ತಿಲ್ಲ, ಆ ನೆಲ ಖಾಲಿ ಇತ್ತು ಎಂಬ ಮಾತನ್ನು ಒಪ್ಪುವುದಿಲ್ಲ. ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ಗಿಡ ನೆಡುವುದನ್ನು ಪರಿಸರ ಸೇವೆ ಎಂದು ಮಾಡುವವರಿಗೂ ನನ್ನದು ಇದೇ ಬೇಡಿಕೆ. ಮರವಿಲ್ಲದಿರುವುದು ಆ ನೆಲದ ಕೊರತೆಯಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದಲ್ಲಿ ನೀಲಗಿರಿ ಬೆಳೆಸಿದ್ದರಿಂದ ಬಯಲು ಹೇಗೆ ಬದಲಾಯಿತೆಂದು ಅಲ್ಲಿಗೆ ಹೋದರೆ ಕಣ್ಣಿಗೆ ಕಾಣುತ್ತದೆ.

ಬಿಲ ಕಾಯುವುದಕ್ಕೆ ನಾವು ಮಾಡಿಕೊಂಡಿರುವ ಏರ್ಪಾಡು ದೊಡ್ಡದೇನಲ್ಲ. ಹಿಂದೆ ಬಿಲಕ್ಕೆ ಹೊಗೆ ಹಾಕಿ, ಬಾಯಿಗೆ ಕಲ್ಲು ಮುಚ್ಚುವುದು ನಡೆಯುತ್ತಿತ್ತು, ಈಗಲೂ ಪೂರ್ತಿ ನಿಂತಿಲ್ಲ. ಎಳ್ಳಮಾವಾಸ್ಯೆಯಿಂದ ಹೋಳಿ ಹುಣ್ಣಿಮೆಯವರೆಗೆ, ಬಿಲವಿರುವ ಗುಡ್ಡದ ಸುತ್ತಲ ಹಟ್ಟಿಯವರಿಗೆ ಮತ್ತು ಹೊಲದವರಿಗೆ ಮಾತ್ರ ವಿಷಯ ತಿಳಿಸುತ್ತೇವೆ. ಹಿಂಡು ಆ ಗುಡ್ಡದ ಬೇರೆ ಮೈಯಲ್ಲಿ ಮೇಯುತ್ತದೆ, ಕಟ್ಟಿಗೆಗೆ ಹೋಗುವ ಹೆಣ್ಣುಮಕ್ಕಳು ಇನ್ನೊಂದು ದಾರಿ ಹಿಡಿಯುತ್ತಾರೆ. ಅವರಿಗೆ ಅದರಿಂದ ಆಗುವ ತೊಂದರೆಯನ್ನು ನಾನು ಮರೆಯುವುದಿಲ್ಲ, ಹಾಗಾಗಿ ಆ ಎರಡೂವರೆ ತಿಂಗಳಿಗಿಂತ ಒಂದು ದಿನ ಹೆಚ್ಚು ಕೇಳುವುದಿಲ್ಲ. ಫೋಟೋಗ್ರಾಫರುಗಳಿಗೆ ಜಾಗ ಹೇಳುವುದೇ ಇಲ್ಲ. ಕಾರು ನಿಲ್ಲಿಸಿ ಬಿಲದ ಮುಂದೆ ಮರೆ ಕಟ್ಟಿ ಕೂತವರಿಂದ, ತಾಯಿ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬಯಲು ದಾಟಿಸಬೇಕಾಗಿ ಬಂದದ್ದನ್ನು ನೋಡಿದ್ದೇನೆ. ಆ ಸಾಗಣೆಯಲ್ಲಿ ನಾಯಿಗೆ ಸಿಕ್ಕುವುದು ಮರಿಯೇ. ಯಾರದೋ ಹೊಲದಲ್ಲಿ ಒಂಟಿ ಮರಿ ಕಂಡರೂ ಎತ್ತಬಾರದು. ತಾಯಿ ಸಾಗಣೆಯ ನಡುವೆ ಇಟ್ಟುಹೋಗಿರುತ್ತಾಳೆ, ಕತ್ತಲಾದ ಮೇಲೆ ಬರುತ್ತಾಳೆ. ನಾಯಿಗಳನ್ನು ಕಟ್ಟಿಹಾಕಿ, ಜನರನ್ನು ದೂರ ಕಳಿಸಿ, ಅರಣ್ಯ ಕಚೇರಿಗೆ ತಿಳಿಸಿದರೆ ಮಾಡಬೇಕಾದದ್ದು ಆಯಿತು.

ಎರಡು ಎರಡೂವರೆ ತಿಂಗಳಿಗೆ ಮರಿಗಳು ಬಿಲದ ಹಂಗು ಬಿಡುತ್ತವೆ. ಆಮೇಲೆ ಇವತ್ತು ಈ ಹಳ್ಳ, ನಾಳೆ ಆ ಗುಡ್ಡ. ಮುಂಗಾರು ಹಿಡಿದು ಸಜ್ಜೆ ಎದೆಮಟ್ಟ ಬೆಳೆದರೆ ನನ್ನ ಬೈನಾಕ್ಯುಲರಿಗೆ ಕೆಲಸವಿಲ್ಲ, ಮತ್ತೆ ಹೆಜ್ಜೆ, ಹಿಕ್ಕೆ, ಕುರಿಗಾಹಿಗಳ ಫೋನು. ಬಾಲ ಜಗ್ಗಿಸಿಕೊಳ್ಳುತ್ತಿದ್ದ ಆ ಮಗ ಮರುವರ್ಷ ಸಂಸಾರದ ಜೊತೆ ಕಾಣಲಿಲ್ಲ. ಒಂದೆರಡು ವರ್ಷದ ಮಕ್ಕಳು ಹೀಗೆಯೇ ಜೊತೆ ಹುಡುಕಿಕೊಂಡು ಹೊರಡುತ್ತವೆ, ಹೆದ್ದಾರಿ, ಕಾಲುವೆ, ಊರು ದಾಟಿ ಬಹುದೂರ ಹೋಗುತ್ತವೆ. ಅವನ ಬಲ ಹಿಂಗಾಲಿನ ಮೇಲೆ ಕೂದಲಿಲ್ಲದ ಅಂಗೈಯಗಲ ಕಲೆ ಇದೆ. ಕುಷ್ಟಗಿ, ಕನಕಗಿರಿ, ಸಿಂಧನೂರು ಕಡೆ ಹಿಂಡು ಹೊಡೆದುಕೊಂಡು ಹೋಗುವ ಎಲ್ಲರಿಗೂ ಆ ಕಲೆಯ ಗುರುತು ಹೇಳಿಟ್ಟಿದ್ದೇನೆ.